ಭಾನುವಾರದ ಬುತ್ತಿ ಮತ್ತು ಕಾನ್ಹೇರಿಯ ಬೆಟ್ಟ

ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಊರಾಚೆಗೆ ಹೋಗಿ ಉಂಡು ಬರುವುದು ನಮ್ಮ ಹಿರಿಯರಿಗೆ ಹೊಸ ಸಂಗತಿಯಾಗಿರಲಿಲ್ಲ. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದಡಿ ವನಭೋಜನವಿತ್ತು. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯಂದು ಸಜ್ಜೆರೊಟ್ಟಿ, ಶೇಂಗಾ ಹೋಳಿಗೆಗಳ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಕುಳಿತು ಉಣ್ಣುವ ಪದ್ಧತಿ ಇಂದಿಗೂ ಉಂಟು. ಹೊರಡುವ ದಿನವನ್ನು ಗೊತ್ತುಮಾಡುತ್ತಿದ್ದುದು ಪಂಚಾಂಗ. ಅಂದು ಯಾವ ವಾರವೆಂದು ಯಾರೂ ಕೇಳುತ್ತಿರಲಿಲ್ಲ.

ಮುಂಬಯಿಗೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಇಲ್ಲಿ ಅಮಾವಾಸ್ಯೆಗೂ ಹುಣ್ಣಿಮೆಗೂ ಗಿರಣಿಯ ಭೋಂಗಾ ನಿಲ್ಲುತ್ತಿರಲಿಲ್ಲ. ಕುಟುಂಬವೆಲ್ಲ ಒಟ್ಟಿಗೆ ಹೊರಗೆ ಕಾಲಿಡಬೇಕಾದರೆ ಭಾನುವಾರವೇ ಬರಬೇಕು. ಆದರೆ ಆ ಭಾನುವಾರವೂ ತಾನಾಗಿ ಬಂದದ್ದಲ್ಲ. ಬಟ್ಟೆಗಿರಣಿಗಳ ಕಾರ್ಮಿಕರಿಗೆ ಮೊದಲು ವಾರಕ್ಕೊಂದು ಖಚಿತವಾದ ಬಿಡುವು ಇರಲಿಲ್ಲ. ಜೋತಿರಾವ್ ಫುಲೆಯವರ ಸಂಗಾತಿಯಾಗಿದ್ದ, ‘ದೀನಬಂಧು’ ಪತ್ರಿಕೆಯನ್ನು ನಡೆಸಿದ ನಾರಾಯಣ ಮೇಘಾಜಿ ಲೋಖಂಡೆ ಅವರನ್ನು ಸಂಘಟಿಸಿ, ಮನವಿಯ ಮೇಲೆ ಮನವಿ ಬರೆದರು. 1890ರ ಏಪ್ರಿಲ್‌ನಲ್ಲಿ ಅವರು ಕರೆದ ಸಭೆಗೆ ಸುಮಾರು ಹತ್ತು ಸಾವಿರ ಕಾರ್ಮಿಕರು ನೆರೆದಿದ್ದರು. ಹೆಣ್ಣುಮಕ್ಕಳೂ ಎದ್ದು ಮಾತನಾಡಿದರು. ಅದೇ ವರ್ಷದ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಕಾನೂನಿನೊಳಕ್ಕೆ ತಂದಿತು. ಇಂದು ನಾವು ಹಾಸಿಗೆಯಲ್ಲಿ ಹೊರಳಾಡುತ್ತ ‘ಈ ಭಾನುವಾರ ಎಲ್ಲಿಗೆ?’ ಎಂದು ಕೇಳುವ ಪ್ರಶ್ನೆಯ ಹಿಂದೆ ಆ ಸಭೆಯ ಧೂಳಿದೆ.

ಆದರೂ ಆ ಭಾನುವಾರ ನಮ್ಮವರೆಲ್ಲರಿಗೂ ದಕ್ಕಲಿಲ್ಲ. ಮುಂಬಯಿ ಕನ್ನಡಿಗರಲ್ಲಿ ಅನೇಕರ ಬದುಕು ಹೋಟೆಲಿನದು. ಊರಿಗೆಲ್ಲ ರಜೆಯಾದ ದಿನವೇ ಹೋಟೆಲಿಗೆ ಹೆಚ್ಚಿನ ದುಡಿಮೆ. ನನ್ನ ತಂದೆ ದಾದರಿನ ಉಪಾಹಾರಗೃಹವೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಅವರಿಗೆ ಬಿಡುವಿರುತ್ತಿದ್ದ ದಿನ ನಮಗೆ ಶಾಲೆ. ನಮಗೆ ರಜೆಯಿದ್ದ ದಿನ ಅವರಿಗೆ ಊಟಕ್ಕೂ ಪುರಸೊತ್ತಿಲ್ಲ. ಒಮ್ಮೆ ಹೋಟೆಲಿಗೆ ಸುಣ್ಣ ಬಳಿಯಲೆಂದು ಶನಿವಾರ, ಭಾನುವಾರ ಬಾಗಿಲು ಮುಚ್ಚಿದರು. ಆ ಭಾನುವಾರ ನಾವು ಐದು ಜನ ಚಿತ್ರಾನ್ನ, ಮೊಸರನ್ನಗಳ ಡಬ್ಬಿ ಹಿಡಿದು ಬೋರಿವಲಿಗೆ ರೈಲು ಹತ್ತಿದೆವು. ನನ್ನ ಬಾಲ್ಯದಲ್ಲಿ ನಾವೆಲ್ಲರೂ ಒಟ್ಟಿಗೆ ಹೋದ ಹೊರಸಂಚಾರ ಅದೊಂದೇ.

ಬೋರಿವಲಿಯ ಕಾಡು ಹೀಗೆ ನಗರದ ಕೈಗೆಟುಕಿದ್ದಕ್ಕೂ ಒಂದು ಚರಿತ್ರೆಯಿದೆ. ಮುಂಬಯಿಯ ಬಾಯಾರಿಕೆ ನೀಗಲೆಂದು 1860ರಲ್ಲಿ ವಿಹಾರ ಕೆರೆ, 1879ರಲ್ಲಿ ತುಳಸಿ ಕೆರೆ ಸಿದ್ಧವಾದವು. ಕೆರೆಗೆ ನೀರು ಹರಿದು ಬರುವ ಗುಡ್ಡಗಳನ್ನು ಕಾಪಾಡಬೇಕಾದ ಕಾರಣ ಸುತ್ತಣ ಕಾಡಿಗೂ ರಕ್ಷಣೆ ದೊರೆಯಿತು. 1928ರಲ್ಲಿ ಕೊಲಾಬಾದಿಂದ ಬೋರಿವಲಿಯವರೆಗೆ ವಿದ್ಯುತ್ ರೈಲು ಓಡತೊಡಗಿತು. ಇಂದು ನೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿರುವ ಈ ರಾಷ್ಟ್ರೀಯ ಉದ್ಯಾನದಲ್ಲಿ ಚಿರತೆಗಳಿವೆ. ವಾರಲಿ ಮೊದಲಾದ ಆದಿವಾಸಿಗಳ ಪಾಡಾಗಳೂ ಇವೆ. ನಮಗೆ ವಿಹಾರದ ತಾಣವಾದದ್ದು ಅವರಿಗೆ ಮನೆ ಎಂಬುದನ್ನು ಬುತ್ತಿ ಬಿಚ್ಚುವಾಗ ಮರೆಯಬಾರದು.

ಈ ಕಾಡಿನ ನಡುವೆ ಕಾನ್ಹೇರಿಯ ಬೆಟ್ಟ. ಕಪ್ಪು ಶಿಲೆಯ ಈ ಬೆಟ್ಟಕ್ಕೆ ಶಾಸನಗಳಲ್ಲಿ ಕೃಷ್ಣಗಿರಿ ಎಂಬ ಹೆಸರಿದೆ. ಸುಮಾರು ಸಾವಿರ ವರ್ಷಗಳ ಅವಧಿಯಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಇಲ್ಲಿ ಕೊರೆದ ಗುಹೆಗಳು ನೂರಕ್ಕೂ ಹೆಚ್ಚು. ಹಲವು ಗುಹೆಗಳ ಪಕ್ಕದಲ್ಲಿ ಕಲ್ಲಿನೊಳಗೇ ತೋಡಿದ ನೀರಿನ ತೊಟ್ಟಿ. ಮೇಲಿನಿಂದ ಇಳಿಯುವ ಮಳೆನೀರನ್ನು ಅಲ್ಲಿಗೆ ತರುವ ಸಣ್ಣ ಕಾಲುವೆಗಳು. ಆ ದಿನ ನನ್ನ ತಂದೆ ಒಂದು ತೊಟ್ಟಿಯ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದರು. “ಇದನ್ನು ಮಾಡಿಸಿದವನು ಹೋಟೆಲಿನವನೇ ಇರಬೇಕು ಕಣೋ. ನೀರಿನ ಬೆಲೆ ಬಲ್ಲವನು” ಎಂದರು. ಅಮ್ಮ ನಕ್ಕಳು.

ಎಷ್ಟೋ ವರ್ಷಗಳ ಮೇಲೆ ಶಾಸನಗಳ ಓದಿಗೆ ತೊಡಗಿದಾಗ ಆ ಮಾತು ನೆನಪಾಯಿತು. ಇಲ್ಲಿಯ ಒಂದು ತೊಟ್ಟಿಯನ್ನು ಮಾಡಿಸಿದವನು ಕಲ್ಯಾಣದ ಅಕ್ಕಸಾಲಿಗ. ಸಾಮಿದತ್ತನೆಂದು ಅವನ ಹೆಸರು. ಇನ್ನೊಂದು ಶಾಸನ ಕಲ್ಯಾಣದ ಕಮ್ಮಾರನೊಬ್ಬ ದಾರಿ ಮಾಡಿಸಿಕೊಟ್ಟದ್ದನ್ನು ಹೇಳುತ್ತದೆ; ಆ ಪ್ರಾಕೃತ ಬರಹದಲ್ಲಿರುವ ‘ಕಮಾರ’ ಎಂಬ ಮಾತು ನಮ್ಮ ಕಮ್ಮಾರನ ನೆಂಟ. ಅರಸರ ಹೆಸರುಗಳೂ ಬೆಟ್ಟದಲ್ಲಿವೆ, ನಿಜ. ಆದರೆ ಹತ್ತಿ ಬರುವವನಿಗೆ ಮೊದಲು ಬೇಕಾದ ದಾರಿಯನ್ನೂ ನೀರನ್ನೂ ಕೊಟ್ಟವರಲ್ಲಿ ಕೈಕಸುಬಿನ ಜನರಿದ್ದರು. ತಂದೆಯ ಊಹೆ ಕಸುಬಿನಲ್ಲಿ ಮಾತ್ರ ತಪ್ಪಿತ್ತು.

ಅರಸರ ಹೆಸರುಗಳಲ್ಲಿ ಒಂದು ಕನ್ನಡಿಗನನ್ನು ತಡೆದು ನಿಲ್ಲಿಸುತ್ತದೆ. ಶಕವರ್ಷ 765, 775 ಮತ್ತು 799ರ, ಎಂದರೆ ಕ್ರಿ.ಶ. ಒಂಬತ್ತನೆಯ ಶತಮಾನದ, ಮೂರು ಶಾಸನಗಳು ಇಲ್ಲಿವೆ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿ ಮತ್ತು ಅವನ ಮಗ ಕಪರ್ದಿಯ ಕಾಲದ ಈ ಬರಹಗಳು ಅವರ ಅಧಿರಾಜನೆಂದು ಹೆಸರಿಸುವುದು ಅಮೋಘವರ್ಷನನ್ನು. ನೃಪತುಂಗನೆಂದು ನಾವು ಶಾಲೆಯಲ್ಲಿ ಓದಿದ ರಾಷ್ಟ್ರಕೂಟ ದೊರೆ ಅವನೇ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ್ದೆಂದು ಗುರುತಿಸಿದ ‘ಕವಿರಾಜಮಾರ್ಗ’ ಅವನ ಆಸ್ಥಾನದಲ್ಲಿ ಹುಟ್ಟಿದ ಕೃತಿ.

ಇದನ್ನು ತಿಳಿದಾಗ ‘ಈ ಬೆಟ್ಟವೂ ನಮ್ಮದೇ’ ಎಂಬ ಹಿಗ್ಗು ಮೂಡುವುದು ಸಹಜ. ನನಗೂ ಮೂಡಿತ್ತು. ಶಾಸನವನ್ನು ಪೂರ್ತಿ ಓದಿದರೆ ಅದು ಇಳಿಯುತ್ತದೆ. ಬರಹದ ಭಾಷೆ ಸಂಸ್ಕೃತ, ವಿಹಾರ ಬೌದ್ಧರದು, ಆಳುವವನು ಶಿಲಾಹಾರ, ಅವನ ಮೇಲಿನ ಒಡೆಯ ಕನ್ನಡ ನಾಡಿನವನು. ಶಕ 775ರ ಶಾಸನದಲ್ಲಿ ನೂರು ದ್ರಮ್ಮಗಳನ್ನು ದತ್ತಿಯಿಟ್ಟ ಅವಿಘ್ನಾಕರನೋ, ದೂರದ ಗೌಡದೇಶದಿಂದ, ಇಂದಿನ ಬಂಗಾಳದ ಕಡೆಯಿಂದ ಬಂದವನು. 90ನೆಯ ಗುಹೆಯಲ್ಲಿ ಇನ್ನೊಂದು ಅಚ್ಚರಿಯಿದೆ: 1009 ಮತ್ತು 1021ರಲ್ಲಿ ಬೆಟ್ಟವನ್ನು ನೋಡಲು ಬಂದ ಪಾರಸಿಕರು ತಂತಮ್ಮ ತಂದೆಯರ ಹೆಸರುಗಳೊಡನೆ ತಮ್ಮ ಹೆಸರುಗಳನ್ನು ಪಹ್ಲವಿ ಲಿಪಿಯಲ್ಲಿ ಕೆತ್ತಿ ಹೋಗಿದ್ದಾರೆ. ಗುಂಪಾಗಿ ಬಂದು, ನೋಡಿ, ‘ನಾವು ಬಂದಿದ್ದೆವು’ ಎಂದು ಬರೆದಿಟ್ಟ ಅವರು ನಮ್ಮಂತೆಯೇ ಸಂದರ್ಶಕರು. ಬೇರೆ ಬೇರೆ ಕಡೆಗಳಿಂದ ಬಂದವರು ಸಾವಿರ ವರ್ಷಗಳ ಹಿಂದೆಯೇ ಈ ಬೆಟ್ಟದಲ್ಲಿ ಒಬ್ಬರ ಪಕ್ಕದಲ್ಲೊಬ್ಬರು ಹೆಸರು ಬರೆದಿದ್ದಾರೆ. ಯಾರ ಹೆಸರೂ ಇನ್ನೊಬ್ಬರದನ್ನು ಅಳಿಸಿಲ್ಲ.

ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ‘ಊರು’ ಎಂದರೆ ಮೇ ತಿಂಗಳ ರಜೆಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ತಲುಪುವ ತಾಣ. ತಾವು ಬದುಕುವ ನೆಲ ಅವರಿಗೆ ಬಾಡಿಗೆಮನೆಯಂತೆ ತೋರುವುದುಂಟು. ಆ ಭಾವನೆಯನ್ನು ಮಾತಿನಿಂದ ತಿದ್ದಲಾಗದು. ಕಳೆದ ಚಳಿಗಾಲದ ಒಂದು ಭಾನುವಾರ ಮೊಮ್ಮಗಳನ್ನು ಕಾನ್ಹೇರಿಗೆ ಕರೆದೊಯ್ದೆ. ಶಾಸನದ ಮುಂದೆ ನಾನು ನೃಪತುಂಗನ ಕಥೆ ಹೇಳುತ್ತಿದ್ದರೆ ಅವಳ ಕಣ್ಣು ತೊಟ್ಟಿಯ ಮೇಲಿತ್ತು. “ಅಜ್ಜ, ಈ ನೀರು ಯಾರದು?” ಎಂದಳು. ಅಕ್ಕಸಾಲಿಗನ ಹೆಸರು ಹೇಳಿದೆ. ಆಮೇಲೆ ಬುತ್ತಿ ಬಿಚ್ಚಿ, ಅವಳ ಮುತ್ತಜ್ಜ ಇಂಥದೇ ತೊಟ್ಟಿಯೊಂದರ ಮುಂದೆ ಕುಳಿತು ಆಡಿದ ಮಾತನ್ನೂ ಹೇಳಿದೆ.