ಎತ್ತರಿಸಿದ ಜೀಪು, ಹಗುರಾದ ಸ್ಟಿಯರಿಂಗ್: ಹುಣಸೂರು ಸೀಮೆಯ ಕೆಸರಿನಿಂದ ಲಾಹೌಲಿನ ಹಿಮದವರೆಗೆ

ಮುಂಗಾರು ಹಿಡಿದರೆ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹೊಲಗಳ ಕೆಮ್ಮಣ್ಣು ದಾರಿಯಲ್ಲಿ ಆಳವಾದ ಗಾಲಿಜಾಡು ಬೀಳುತ್ತದೆ. ಕೆ.ಆರ್. ನಗರದ ನಾಲೆ ಏರಿಗಳು ಜಾರುತ್ತವೆ, ಎಚ್.ಡಿ. ಕೋಟೆಯ ಎರೆಮಣ್ಣು ಟೈರಿನ ಸಂದುಗಳಿಗೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಹಿಮ ಬೀಳುವುದಿಲ್ಲ. ಆದರೂ ಎತ್ತರಿಸಿದ ಫೋರ್‌ವೀಲ್ ಜೀಪು ಹಿಮದ ಮೇಲೆ ಕೊಡುವ ಬಹುಪಾಲು ತೊಂದರೆಗಳನ್ನು ಈ ಕೆಸರಿನಲ್ಲೇ ಅಭ್ಯಾಸ ಮಾಡಬಹುದು. ಒಣ ಡಾಂಬರಿನ ಮೇಲೆ ಸುಮಾರು 0.7–0.8 ಇರುವ ಘರ್ಷಣಾಂಕ, ತುಳಿದು ಗಟ್ಟಿಯಾದ ಹಿಮದ ಮೇಲೆ 0.2–0.3ಕ್ಕೆ ಇಳಿಯುತ್ತದೆ. ನೆನೆದ ಜೇಡಿಯ ಸ್ಥಿತಿಯೂ ಬಹಳ ದೂರದ್ದಲ್ಲ.

ಜಾಡಿನ ನಡುದಿಣ್ಣೆ ಹೊಟ್ಟೆಗೆ ತಗಲುತ್ತದೆಂದು ಜೀಪನ್ನು ಎತ್ತರಿಸುತ್ತಾರೆ. ಕಾರಣ ನ್ಯಾಯವಾದದ್ದೇ. ಆದರೆ ಎರಡೂ ಗಾಲಿಗಳನ್ನು ಜೋಡಿಸುವ ಒಂದೇ ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ದೊಡ್ಡ ಟೈರು.

ನಿಜವಾದ ನಷ್ಟ ಸ್ಟಿಯರಿಂಗಿನದು. ಮುಂದೆ ಲೀಫ್ ಸ್ಪ್ರಿಂಗ್ ಇರುವ ಹಳೆಯ ಮಹೀಂದ್ರಾ ಜೀಪುಗಳಲ್ಲಿ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲನ್ನು ಉದ್ದದ್ದು ಹಾಕಿದರೆ ಆಕ್ಸಲ್ ತಿರುಗಿ, ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷದ ಹಿಂದೋರೆ) ಕುಗ್ಗುತ್ತದೆ. ತಿರುವು ಮುಗಿದೊಡನೆ ಚಕ್ರವನ್ನು ತಾನಾಗಿ ನೇರಕ್ಕೆ ತರುವುದು, ಹಿಡಿತ ಸಡಿಲುವುದನ್ನು ಕೈಗೆ ತಿಳಿಸುವುದು ಬಹುಮಟ್ಟಿಗೆ ಈ ಕೋನವೇ. ಡಾಂಬರಿನ ಮೇಲೆ ಸ್ಟಿಯರಿಂಗ್ ‘ಹಗುರಾಯಿತು’ ಅನ್ನಿಸುತ್ತದೆ. ಕೆಸರಿನಲ್ಲಿ, ಹಿಮದಲ್ಲಿ ಚಾಲಕನ ಕೈಗೆ ಮುನ್ಸೂಚನೆ ಅಷ್ಟಾಗಿ ಬರುವುದಿಲ್ಲ. ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕ್ ಓರೆಯಾಗುವುದರಿಂದ ಪ್ರತಿ ಗುಂಡಿಯೂ ಚಕ್ರವನ್ನು ತಾನೇ ತಿರುಗಿಸುತ್ತದೆ. 2010ರ ಥಾರ್ ಸಿಆರ್‌ಡಿಇಯಲ್ಲಿ ಮುಂದಿನ ಸಸ್ಪೆನ್ಷನ್ ಸ್ವತಂತ್ರ. ಅಲ್ಲಿ ಟಾರ್ಷನ್ ಬಾರ್ ಬಿಗಿದು ಎತ್ತರಿಸಿದರೆ ಕ್ಯಾಂಬರ್ (ಚಕ್ರದ ಪಕ್ಕದೋರೆ), ಟೋ (ಚಕ್ರಗಳ ಒಳ-ಹೊರ ಮುಖ) ಎರಡೂ ಕೆಡುತ್ತವೆ. ಗುಂಡಿಯಲ್ಲಿ ಚಕ್ರ ಕೆಳಗಿಳಿಯುವ ಅವಕಾಶವೂ ಕಡಿಮೆಯಾಗುತ್ತದೆ.

ಇದಕ್ಕೆ ಗುರುತ್ವಕೇಂದ್ರ ಸೇರುತ್ತದೆ. ಗಾಲಿಗಳ ನಡುವಿನ ಅಗಲ 1.4 ಮೀಟರ್, ಕೇಂದ್ರದ ಎತ್ತರ 0.7 ಮೀಟರ್ ಎಂದಿಟ್ಟುಕೊಳ್ಳಿ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಸಿಗುವ ಉರುಳುವಿಕೆಯ ಮಿತಿ 1.0. ಕೇಂದ್ರ ಹತ್ತು ಸೆಂಟಿಮೀಟರ್ ಏರಿದರೆ ಅದು 0.875. ಜಾರುವ ನೆಲದಲ್ಲಿ ಗಾಡಿ ಉರುಳುವ ಮೊದಲೇ ಜಾರುತ್ತದೆ, ನಿಜ. ಅಪಾಯ ಬರುವುದು ಅಡ್ಡಡ್ಡ ಜಾರಿದ ಚಕ್ರ ಜಾಡಿನ ಅಂಚಿಗೆ ತಟ್ಟಿ ತಟಕ್ಕನೆ ನಿಂತಾಗ.

ಫೋರ್‌ವೀಲ್ ಹಾಕಿದೆನೆಂಬ ಧೈರ್ಯವೂ ಅರ್ಧ ಸತ್ಯ. ಅದು ಎಳೆಯುವ ಬಲವನ್ನು ಹಂಚುತ್ತದೆ, ತಿರುವಿನ ಹಿಡಿತವನ್ನು ಹುಟ್ಟಿಸುವುದಿಲ್ಲ. ಈ ಜೀಪುಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲದ್ದರಿಂದ ಮುಂದಿನ, ಹಿಂದಿನ ಶ್ಯಾಫ್ಟುಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಬಿಗಿ ತಿರುವಿನಲ್ಲಿ ಮುಂದಿನ ಗಾಲಿಗಳು ನೇರಕ್ಕೇ ಸರಿಯುತ್ತವೆ.

2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಹಿಮಾಚಲದ ಲಾಹೌಲ್ ಚಳಿಗಾಲದಲ್ಲೂ ಪ್ರವಾಸಿ ವಾಹನಗಳಿಗೆ ಸುಲಭವಾಯಿತು. ಇಲ್ಲಿನ ಸಿದ್ಧತೆಯೇ ಅಲ್ಲಿಗೂ ಸಾಕೆಂದು ಹೊರಡುವುದು ತಪ್ಪು. ಮಡ್ ಟೈರಿನ ಅಗಲ ಸಂದುಗಳಿರುವುದು ಕೆಸರನ್ನು ಉದುರಿಸಲು. ಹಿಮದ ಟೈರು ಸಂದುಗಳಲ್ಲಿ ಹಿಮವನ್ನು ಹಿಡಿದಿಡಬೇಕು, ಏಕೆಂದರೆ ಹಿಮಕ್ಕೆ ಹಿಮವೇ ಚೆನ್ನಾಗಿ ಕಚ್ಚುತ್ತದೆ. ಜೊತೆಗೆ ಚಳಿಗೆ ಗಡಸಾಗದ ರಬ್ಬರು, ತೆಳು ಸೀಳುಗಳು ಬೇಕು.

ಲೀಫ್ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಆಪು (ಬೆಣೆ) ಕೊಟ್ಟು ಕ್ಯಾಸ್ಟರನ್ನು ಬಹುಪಾಲು ಸರಿಪಡಿಸಬಹುದು. ಮೇಲೇರಿದ ಗುರುತ್ವಕೇಂದ್ರವನ್ನು ಯಾವ ಬಿಡಿಭಾಗವೂ ಇಳಿಸದು. ಕಾನೂನಿನ ತೊಡಕೂ ಇದೆ: ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.