ಹೊಗೆಗೆ ಸಾಕ್ಷಿಯಾದ ಸಾವಿನ ಪಟ್ಟಿ

ಹೊಗೆಯಿಂದ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ ಎಂಬುದನ್ನು ಮನುಷ್ಯನು ಒಲೆ ಹೂಡಿದ ದಿನದಿಂದಲೂ ಬಲ್ಲ. ಆದರೆ ಊರಿನ ಮೇಲೆ ಕವಿದ ಹೊಗೆ ಜನರನ್ನು ಕೊಲ್ಲುತ್ತದೆಯೆಂಬುದು ಸಿದ್ಧವಾಗಲು ಮೂರು ಶತಮಾನಗಳೇ ಹಿಡಿದವು. ಹಾವು ಕಚ್ಚಿ ಸತ್ತವನ ಮೈಮೇಲೆ ಹಲ್ಲಿನ ಗುರುತು ಇರುತ್ತದೆ; ಹೊಗೆ ಕುಡಿದು ಸತ್ತವನ ಮೈಮೇಲೆ ಅಂಥ ಗುರುತಿಲ್ಲ. ದಮ್ಮಿನಿಂದಲೋ ಎದೆನೋವಿನಿಂದಲೋ ಮುಪ್ಪಿನಿಂದಲೋ ತೀರಿಕೊಂಡನೆಂದು ಊರು ಹೇಳಿ ಸುಮ್ಮನಾಗುತ್ತದೆ. ಒಂದು ಸಾವಿನಲ್ಲಿ ಕಾಣದ ಸಂಗತಿ ಸಾವಿರ ಸಾವುಗಳನ್ನು ಸಾಲಾಗಿ ಬರೆದಿಟ್ಟಾಗ ಕಾಣುತ್ತದೆ.

ಹಾಗೆ ಬರೆದಿಡುವ ಪದ್ಧತಿ ಲಂಡನ್ನಿನಲ್ಲಿ ಬೆಳೆದದ್ದು ಪ್ಲೇಗಿನ ಭಯದಿಂದ. ವಾರಕ್ಕೊಮ್ಮೆ ಮರಣಪಟ್ಟಿ ಅಚ್ಚಾಗುತ್ತಿತ್ತು. ಹೆಣ ನೋಡಿ ಕಾರಣ ಹೇಳುವ ಕೆಲಸ ಬಡ ಮುದುಕಿಯರದು. 1661ರಲ್ಲಿ ಜಾನ್ ಎವೆಲಿನ್ ಎಂಬ ವಿದ್ವಾಂಸನು ಕಲ್ಲಿದ್ದಲ ಹೊಗೆಯನ್ನು ಹಳಿದು ದೊರೆ ಎರಡನೆಯ ಚಾರ್ಲ್ಸನಿಗೆ ಪುಸ್ತಕವನ್ನೊಪ್ಪಿಸಿದ. ಅದು ವಾಗ್ಮಿಯ ದೂರು. ಮರುವರ್ಷವೇ ಜಾನ್ ಗ್ರಾಂಟ್ ಎಂಬ ವ್ಯಾಪಾರಿ ಆ ಮುದುಕಿಯರ ಪಟ್ಟಿಗಳನ್ನು ಕೂಡಿ ಕಳೆದು, ಲಂಡನ್ ಹಳ್ಳಿಗಾಡಿಗಿಂತ ಅನಾರೋಗ್ಯಕರವೆಂದೂ ಅದರಲ್ಲಿ ಹೊಗೆಯ ಪಾಲುಂಟೆಂದೂ ತೋರಿಸಿದ. ನನ್ನ ತಕ್ಕಡಿಯಲ್ಲಿ ವಿದ್ವಾಂಸನಿಗಿಂತ ವ್ಯಾಪಾರಿಯೇ ಹೆಚ್ಚು ತೂಗುತ್ತಾನೆ. ಇಬ್ಬರ ಮಾತನ್ನೂ ಅರಮನೆ ನಡೆಸಲಿಲ್ಲವೆನ್ನಿ.

1952ರ ಡಿಸೆಂಬರ್ 5ರಿಂದ 9ರವರೆಗೆ ಅದೇ ನಗರದಲ್ಲಿ ಗಾಳಿ ಅಲುಗಾಡದೆ ನಿಂತಿತು. ಮನೆಮನೆಯ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು, ನಡೆಯುವವರಿಗೆ ತಮ್ಮ ಕಾಲೇ ಕಾಣದಾಯಿತು. ಜಾನುವಾರು ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ದನಗಳು ಉಸಿರುಗಟ್ಟಿ ಬಿದ್ದವು. ಮನುಷ್ಯರ ಲೆಕ್ಕ ತಡವಾಗಿ ಬಂತು: ಸುಮಾರು 4,000 ಹೆಚ್ಚುವರಿ ಸಾವುಗಳು. ಮುಂದಿನ ತಿಂಗಳುಗಳ ಸಾವನ್ನು ಸರ್ಕಾರ ಇನ್‌ಫ್ಲುಯೆಂಜಾದ ಖಾತೆಗೆ ಹಾಕಿತು. ಅದನ್ನು 2001ರಲ್ಲಿ ಮರಳಿ ಎಣಿಸಿದವರು ಒಟ್ಟು 12,000ದಷ್ಟಿರಬೇಕೆಂದರು. ಶುದ್ಧ ಗಾಳಿಯ ಕಾಯಿದೆ ಅಲ್ಲಿ 1956ರಲ್ಲಿ ಬಂದಿತು. ನಮ್ಮಲ್ಲಿ 1981ರಲ್ಲಿ.

ಇನ್ನು ನಮ್ಮ ಬೆಂಗಳೂರು. 1898ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆ ಕಟ್ಟಿಕೊಂಡರು. ಗಾಳಿಯಾಡಲೆಂದು ಅಗಲವಾಗಿ ಬಿಟ್ಟ ಆ ಬೀದಿಗಳಲ್ಲಿ ಇಂದು ಆಡುವುದು ವಾಹನಗಳ ಹೊಗೆ. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಭಾರತದ ಹತ್ತು ನಗರಗಳ ಅಧ್ಯಯನ ಪ್ರಕಟವಾಯಿತು. 2008ರಿಂದ 2019ರವರೆಗಿನ ಸುಮಾರು 36 ಲಕ್ಷ ಸಾವುಗಳನ್ನು ದಿನದಿನದ ಸೂಕ್ಷ್ಮಧೂಳಿನೊಡನೆ ಹೊಂದಿಸಿ ನೋಡಿದ ಕೆಲಸವದು. ಗ್ರಾಂಟನ ವಿದ್ಯೆಯ ಮರಿಮಗು. ಹತ್ತು ನಗರಗಳಲ್ಲಿ ವರ್ಷಕ್ಕೆ ಸುಮಾರು 33,000 ಸಾವು, ಬೆಂಗಳೂರೊಂದರಲ್ಲೇ ಸುಮಾರು 2,100. ಘನಮೀಟರಿಗೆ 10 ಮೈಕ್ರೋಗ್ರಾಂ ಧೂಳು ಹೆಚ್ಚಿದರೆ ಒಟ್ಟಾರೆ ಮರಣ ಶೇ. 1.42 ಏರುತ್ತದೆ; ಬೆಂಗಳೂರಿನಲ್ಲಿ ಶೇ. 3ರಷ್ಟು. ದಿಲ್ಲಿಯಲ್ಲಿ ಶೇ. 0.31 ಮಾತ್ರ! ದಿಲ್ಲಿಯವರ ಎದೆ ಗಟ್ಟಿಯೆಂದು ಇದರರ್ಥವಲ್ಲ. ಧೂಳು ಕಡಿಮೆಯಿರುವಲ್ಲಿ ಏರಿಕೆಯ ಮೊದಲ ಮೆಟ್ಟಿಲುಗಳೇ ಕಡಿದಾಗಿರುತ್ತವೆ. 24 ತಾಸಿನ ಗಾಳಿಗೆ ಭಾರತ ಒಪ್ಪಿಕೊಂಡ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆಯದು 15. ಇವೆರಡರ ನಡುವಿನ, ಕಾಯಿದೆಯ ಕಣ್ಣಿಗೆ ಶುದ್ಧವಾದ ಗಾಳಿಯಲ್ಲಿಯೂ ಜನ ಸತ್ತಿದ್ದಾರೆ.

ಹೀಗಿರುವಾಗ ಇದು ಪಟ್ಟಣದವರ ಪಾಡೆಂದು ಘಟಪ್ರಭೆಯ ದಂಡೆಯ ಅನಗವಾಡಿಯವರು ನಿಶ್ಚಿಂತರಾಗಿರಬಹುದೆ? ಬೀಳಗಿ, ಮುಧೋಳ, ಜಮಖಂಡಿಯ ಸೀಮೆಯಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುವ ರೂಢಿಯುಂಟು. ಅಡಿಗೆಮನೆಯ ಹೊಗೆ, ಹೆದ್ದಾರಿಯ ಲಾರಿಗಳ ಹೊಗೆ ಬೇರೆ. 1969ರ ಜನನ ಮರಣ ನೋಂದಣಿ ಕಾಯಿದೆ ಹಳ್ಳಿಗೂ ಅನ್ವಯಿಸುತ್ತದೆ. ಮನೆಯಲ್ಲಿ ತೀರಿಕೊಂಡವರ ಸಾವಿನ ಕಾರಣವನ್ನು ವೈದ್ಯರು ಬರೆದುಕೊಡುವುದು ವಿರಳವೆನ್ನಿ. ಆದರೆ ಈ ಲೆಕ್ಕಕ್ಕೆ ಕಾರಣ ಬೇಕಿಲ್ಲ, ದಿನಾಂಕವೇ ಸಾಕು. ತೊಡಕಿರುವುದು ಬೇರೆಡೆ. ಚಿಕ್ಕ ಊರಿನಲ್ಲಿ ದಿನಕ್ಕೊಂದು ಸಾವೂ ಆಗುವುದಿಲ್ಲ. ನೂರಾರು ಹಳ್ಳಿಗಳ ದಾಖಲೆಗಳನ್ನು ಒಟ್ಟುಗೂಡಿಸಿ, ರವದಿ ಸುಡುವ ವಾರಗಳ ಗಾಳಿಯ ಅಳತೆಯನ್ನು ಅವುಗಳ ಪಕ್ಕದಲ್ಲಿಟ್ಟರೆ ಗ್ರಾಂಟನ ಲೆಕ್ಕ ಇಲ್ಲಿಯೂ ನಡೆದೀತು.