ಜಯನಗರದಲ್ಲೊಂದು ವಿಚಾರಪೀಠ: ಸಂಸ್ಕೃತಿ ಅಧ್ಯಯನದ ಹನ್ನೆರಡು ವರ್ಷ

ದಕ್ಷಿಣ ಬೆಂಗಳೂರಿನ ಶಿಕ್ಷಣ ಚರಿತ್ರೆಯಲ್ಲಿ ನ್ಯಾಷನಲ್ ಕಾಲೇಜು, ವಿಜಯಾ ಕಾಲೇಜುಗಳಂಥ ಹಳೆಯ ಸಂಸ್ಥೆಗಳಿಗೆ ಸಲ್ಲುವ ಸ್ಥಾನ ಸಹಜವಾದುದೇ. ಆದರೆ 1998ರಲ್ಲಿ ಸ್ಥಾಪನೆಗೊಂಡು, ಜಯನಗರದ ವಾಸದ ಮನೆಗಳ ನಡುವೆಯೇ ನೆಲೆ ಕಂಡುಕೊಂಡ ಸೆಂಟರ್ ಫಾರ್ ದ ಸ್ಟಡಿ ಆಫ್ ಕಲ್ಚರ್ ಅಂಡ್ ಸೊಸೈಟಿ ಎಂಬ ಸಂಶೋಧನ ಕೇಂದ್ರ ಕನ್ನಡದ ಓದುಗರಿಗೆ ಇನ್ನೂ ಸರಿಯಾಗಿ ಪರಿಚಯವಾಗಬೇಕಾಗಿದೆ. ಸಿಎಸ್‌ಸಿಎಸ್ ಎಂದೇ ಬಳಕೆಯಲ್ಲಿದ್ದ ಈ ಕೇಂದ್ರವು 2000ದಿಂದ 2012ರವರೆಗೆ ಸಂಸ್ಕೃತಿ ಅಧ್ಯಯನದಲ್ಲಿ ಪಿಎಚ್.ಡಿ. ಶಿಕ್ಷಣವನ್ನು ನಡೆಸಿತು.

ಸಂಸ್ಕೃತಿ ಅಧ್ಯಯನವೆಂದರೆ ಸಾಹಿತ್ಯ, ಸಂಗೀತಗಳಂಥ ಮಾನ್ಯ ಕಲೆಗಳನ್ನಷ್ಟೇ ಅಲ್ಲದೆ ಸಿನಿಮಾ, ಜಾಹೀರಾತು, ಉಡುಪು, ಅಭಿಮಾನಿ ಸಂಘಗಳನ್ನೂ ಅಧಿಕಾರದ ಪ್ರಶ್ನೆಯೊಂದಿಗೆ ಇಟ್ಟು ನೋಡುವ ಶಿಸ್ತು. ಅದರ ಒಂದು ಬೇರು 1923ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಆರಂಭವಾದ ಸಾಮಾಜಿಕ ಸಂಶೋಧನ ಸಂಸ್ಥೆಯಲ್ಲಿದೆ. ಅಲ್ಲಿನ ಮ್ಯಾಕ್ಸ್ ಹಾರ್ಕ್‌ಹೈಮರ್ 1937ರ ಪ್ರಬಂಧವೊಂದರಲ್ಲಿ, ಸಮಾಜವನ್ನು ಇದ್ದಂತೆ ವಿವರಿಸಿ ಸುಮ್ಮನಾಗದೆ ಅದನ್ನು ಬದಲಿಸುವ ಹೊಣೆಯನ್ನೂ ಹೊತ್ತ ಚಿಂತನೆಯನ್ನು ವಿಮರ್ಶಾತ್ಮಕ ಸಿದ್ಧಾಂತವೆಂದು ಕರೆದನು. ಇನ್ನೊಂದು ಬೇರು ರಿಚರ್ಡ್ ಹಾಗರ್ಟ್ 1964ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತೆರೆದು, ಮುಂದೆ ಸ್ಟುವರ್ಟ್ ಹಾಲ್ ಬೆಳೆಸಿದ ಕೇಂದ್ರದಲ್ಲಿದೆ.

ಆದರೆ ಜಯನಗರದ ಕೇಂದ್ರವನ್ನು ಬರ್ಮಿಂಗ್‌ಹ್ಯಾಮಿನ ಪ್ರತಿರೂಪವೆಂದು ತಿಳಿಯುವುದು ತಪ್ಪಾಗುತ್ತದೆ, ಏಕೆಂದರೆ ಅದನ್ನು ಹುಟ್ಟಿಸಿದ ಪ್ರಶ್ನೆಗಳು ಇಲ್ಲಿನವು. 1990ರ ಮಂಡಲ್ ವರದಿಯ ಗಲಭೆ, 1991ರ ಉದಾರೀಕರಣ, 1992ರ ಬಾಬರಿ ಮಸೀದಿಯ ಧ್ವಂಸ ಇವು ಒಂದರ ಹಿಂದೊಂದು ಬಂದಾಗ, ಅರಿಸ್ಟಾಟಲನಿಂದ ಎಲಿಯಟ್‌ವರೆಗಿನ ವಿಮರ್ಶೆಯನ್ನು ಬೋಧಿಸುತ್ತಿದ್ದ ಇಂಗ್ಲಿಷ್ ಎಂ.ಎ. ತರಗತಿಗಳಿಗೆ ಜಾತಿಯ ಬಗೆಗಾಗಲಿ ರಾಷ್ಟ್ರದ ಬಗೆಗಾಗಲಿ ಹೇಳಲು ಹೆಚ್ಚೇನೂ ಇರಲಿಲ್ಲ. ಕೇಂದ್ರದ ಸ್ಥಾಪಕರಲ್ಲಿ ಒಬ್ಬರೂ, ಲೇಖಕ ದಂಪತಿಗಳಾದ ನಿರಂಜನ ಮತ್ತು ಅನುಪಮಾ ಅವರ ಮಗಳೂ ಆದ ತೇಜಸ್ವಿನಿ ನಿರಂಜನ ಅವರು 1994ರ ಜನವರಿಯಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟಿಸಿದ 'ರೋಜಾ' ಚಿತ್ರದ ಕುರಿತ ಪ್ರಬಂಧ ಈ ಬಿಕ್ಕಟ್ಟಿಗೆ ದೊರೆತ ಒಂದು ಸಮರ್ಥ ಉತ್ತರ. ಮಣಿರತ್ನಂ ಅವರ ಆ ಚಿತ್ರದಲ್ಲಿ ಉಗ್ರರ ಸೆರೆಯಲ್ಲಿರುವ ನಾಯಕನು ಉರಿಯುತ್ತಿರುವ ರಾಷ್ಟ್ರಧ್ವಜದ ಮೇಲೆ ಮೈಚೆಲ್ಲಿ ಬೆಂಕಿಯನ್ನು ಆರಿಸುವ ದೃಶ್ಯಕ್ಕೆ ದೇಶದುದ್ದಕ್ಕೂ ಪ್ರೇಕ್ಷಕರು ಮೈಮರೆತು ಚಪ್ಪಾಳೆ ತಟ್ಟುತ್ತಿದ್ದ ಕಾಲದಲ್ಲಿ, ಹೊಸ ಮಧ್ಯಮವರ್ಗದ ಮೇಲ್ಜಾತಿಯ ಹಿಂದೂ ಗಂಡಸೇ ಇಡೀ ರಾಷ್ಟ್ರದ ಪ್ರತಿನಿಧಿಯಾಗುವುದು ಹೇಗೆ, ಆ ಚಿತ್ರದೊಳಗೆ ಹೆಣ್ಣಿಗೂ ಮುಸ್ಲಿಮನಿಗೂ ಉಳಿಯುವ ಜಾಗವೆಂಥದು ಎಂದು ಆ ಪ್ರಬಂಧ ಕೇಳಿತು. ಜನಪ್ರಿಯ ಚಿತ್ರವೊಂದನ್ನು ಕಾವ್ಯಕ್ಕೆ ಸಲ್ಲಿಸುವಷ್ಟೇ ಶ್ರದ್ಧೆಯಿಂದ ಓದಬೇಕೆಂಬ ನಿಲುವು ಮುಂದೆ ಜಯನಗರದ ಪಾಠದಲ್ಲಿ ನೆಲೆಗೊಂಡಿತು.

ಇದೇ ಭಾಗದ ಬನಶಂಕರಿ ಎರಡನೆಯ ಹಂತದಲ್ಲಿರುವ, 1971ರಲ್ಲಿ ಹುಟ್ಟಿದ ಸುಚಿತ್ರ ಫಿಲ್ಮ್ ಸೊಸೈಟಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ ಒಂದು ಪೀಳಿಗೆಯ ಅಭಿರುಚಿಯನ್ನು ರೂಪಿಸಿತ್ತು. ಸಿಎಸ್‌ಸಿಎಸ್‌ನ ವಿದ್ವಾಂಸರು ಅಭಿರುಚಿಯ ಪ್ರಶ್ನೆಯನ್ನೇ ಬದಿಗಿರಿಸಿದರು. ಭಾರತೀಯ ಸಿನಿಮಾ ವಿಶ್ವಕೋಶದ ಸಂಪಾದಕರಲ್ಲಿ ಒಬ್ಬರಾದ ಆಶಿಶ್ ರಾಜಾಧ್ಯಕ್ಷ ಮತ್ತು ಚಿರಂಜೀವಿಯ ಅಭಿಮಾನಿ ಸಂಘಗಳ ಬಗ್ಗೆ 2009ರಲ್ಲಿ ಗ್ರಂಥ ಪ್ರಕಟಿಸಿದ ಎಸ್.ವಿ. ಶ್ರೀನಿವಾಸ್ ಇವರಿಗೆ ಮುಖ್ಯವಾದದ್ದು, ಚಿತ್ರಮಂದಿರದ ಮುಂದೆ ಕಟೌಟಿಗೆ ಹಾರ ಹಾಕುವ ಯುವಕನು ಯಾವ ಬಗೆಯ ನಾಗರಿಕ ಎಂಬುದು. ಇದೇ ವಿಚಾರವಲಯದ ಮಾಧವ ಪ್ರಸಾದ್ 2014ರ ತಮ್ಮ ಗ್ರಂಥದಲ್ಲಿ ಎಂ.ಜಿ.ಆರ್., ಎನ್.ಟಿ.ಆರ್. ಜೊತೆಗೆ ರಾಜ್‌ಕುಮಾರ್ ಅವರನ್ನೂ ಇಟ್ಟು ಚರ್ಚಿಸಿದ್ದಾರೆ. ರಾಜ್‌ಕುಮಾರ್ ಅವರೇ ಮುಂದೆ ನಿಂತ ಕನ್ನಡಪರ ಗೋಕಾಕ್ ಚಳವಳಿಯನ್ನು ಕಂಡ ನಾಡಿಗೆ ಇದು ಪರಕೀಯ ವಿಷಯವಲ್ಲ.

ಇಷ್ಟಾಗಿಯೂ ಕೇಂದ್ರಕ್ಕೆ ಸ್ವಂತವಾಗಿ ಪದವಿ ಕೊಡುವ ಅಧಿಕಾರವಿರಲಿಲ್ಲ. ಜಯನಗರದಲ್ಲಿ ಓದಿ ಬರೆದ ವಿದ್ಯಾರ್ಥಿಗಳಿಗೆ ಪದವಿ ದೊರೆತದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ, ಆಮೇಲೆ ಮಣಿಪಾಲದಿಂದ. ಮಲೆನಾಡಿನ ಅಂಚಿನ ಸರಕಾರಿ ವಿಶ್ವವಿದ್ಯಾಲಯವೊಂದು ಇಂಥ ಹೊಸ ಶಿಸ್ತಿಗೆ ಮನ್ನಣೆಯಿತ್ತದ್ದು ಕರ್ನಾಟಕದ ಉನ್ನತ ಶಿಕ್ಷಣದ ಚರಿತ್ರೆಯಲ್ಲಿ ನೆನೆಯತಕ್ಕ ಔದಾರ್ಯ.

ಕೊರತೆಯೊಂದನ್ನು ಮುಚ್ಚಿಡಬಾರದು. ಪಾಠವೂ ಪ್ರಬಂಧಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದ್ದವು. ಆ ಹೊತ್ತಿಗಾಗಲೇ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿದ್ದ ಡಿ.ಆರ್. ನಾಗರಾಜ್ ಅವರು ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕಾಗಿ 'ಅಕ್ಷರ ಚಿಂತನ' ಮಾಲೆಯನ್ನು ಸಂಪಾದಿಸಿ, ಸಿದ್ಧಾಂತವನ್ನು ಕನ್ನಡದ್ದೇ ಗದ್ಯದಲ್ಲಿ ನಿಲ್ಲಿಸುವ ಕೆಲಸ ಮಾಡಿದ್ದರು. ಅವರು ತೀರಿಕೊಂಡದ್ದೂ ಕೇಂದ್ರ ಹುಟ್ಟಿದ್ದೂ 1998ರಲ್ಲೇ. ಆ ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಗೂ ಜಯನಗರಕ್ಕೂ ನಡುವೆ ಇರುವುದು ಕೆಲವೇ ಮೈಲಿಗಳಾದರೂ ಈ ಎರಡು ಧಾರೆಗಳು ಒಂದೇ ತರಗತಿಯಲ್ಲಿ ಕೂಡುವ ಅವಕಾಶ ಕೈತಪ್ಪಿತು, ಮತ್ತು ಆ ನಷ್ಟವನ್ನು ಹೆಚ್ಚು ಅನುಭವಿಸಿದವರು ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಎ.ಗೆ ಬಂದ ವಿದ್ಯಾರ್ಥಿಗಳು.

ಕೇಂದ್ರದ ಉನ್ನತ ಶಿಕ್ಷಣ ಯೋಜನೆಯು ಭಾರತೀಯ ಭಾಷೆಗಳ ಕಡೆಗೆ ತಿರುಗಿದ್ದು ತಡವಾಗಿಯಾದರೂ ಸರಿಯಾದ ಹೆಜ್ಜೆಯೇ. ಬರ್ಮಿಂಗ್‌ಹ್ಯಾಮಿನ ವಿಭಾಗ 2002ರಲ್ಲಿ ಮುಚ್ಚಿತು; ಜಯನಗರದ ಪಿಎಚ್.ಡಿ. ಶಿಕ್ಷಣ 2012ಕ್ಕೆ ನಿಂತಿತು. ಅದೇ ವರ್ಷ ತೇಜಸ್ವಿನಿ ನಿರಂಜನ ಅವರು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಉನ್ನತ ಶಿಕ್ಷಣದಲ್ಲಿ ಭಾರತೀಯ ಭಾಷೆಗಳಿಗೆಂದೇ ಮೀಸಲಾದ ಕೇಂದ್ರದ ಹೊಣೆ ಹೊತ್ತು, 2016ರವರೆಗೆ ಅದನ್ನು ನಡೆಸಿದರು.